ಮೇಲೆ ಹತ್ತಿಸುವ ಮೊದಲು: ಚಿಯರ್‌ಲೀಡಿಂಗ್ ಕೋಚ್‌ಗಳ ನಿಯಮ ನಮ್ಮ ಶಾಲೆಯ ಪಿರಮಿಡ್‌ಗೂ ಹೊಂದುತ್ತದೆ

ಆಗಸ್ಟ್ ಹತ್ತಿರ ಬಂತೆಂದರೆ ಕಾಸರಗೋಡು ಕಡೆಯ ಮೈದಾನಗಳಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಹತ್ತಲು ಶುರು ಮಾಡುತ್ತಾರೆ. ಶಾಲೆಯಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಪಿರಮಿಡ್. ಊರಲ್ಲಿ ಅಷ್ಟಮಿಗೆ ಮೊಸರು ಕುಡಿಕೆ. ಆಮೇಲೆ ಕ್ರೀಡಾಕೂಟ, ಅದರ ಹಿಂದೆಯೇ ವಾರ್ಷಿಕೋತ್ಸವ. ಈಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಮೊಬೈಲ್‌ನಲ್ಲಿ ಅಮೆರಿಕದ ಚಿಯರ್‌ಲೀಡಿಂಗ್ ವಿಡಿಯೋ ನೋಡಿದ ಮಕ್ಕಳು ನಮಗೂ ಆ ಸ್ಟಂಟ್ ಬೇಕು ಅನ್ನುತ್ತಾರೆ. ಡ್ಯಾನ್ಸ್ ಮಾಸ್ತರು ಹೂಂ ಅಂದುಬಿಡುತ್ತಾರೆ. ಮನೆಗೆ ಒಂದು ಒಪ್ಪಿಗೆ ಚೀಟಿ ಬರುತ್ತದೆ. ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸುತ್ತಾರೆ.

ಮಗುವನ್ನು ಎಷ್ಟು ಎತ್ತರಕ್ಕೆ ಹತ್ತಿಸುತ್ತಾರೆ, ಕೆಳಗೆ ಏನು ಹಾಸುತ್ತಾರೆ, ಕಲಿಸುವವರು ಎಲ್ಲಿ ಕಲಿತವರು ಎಂದು ಆ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೇಳುವುದು ಹೇಗೆಂದು ಪೋಷಕರಿಗೂ ಗೊತ್ತಿರುವುದಿಲ್ಲ. ಆದರೆ ಈ ಪ್ರಶ್ನೆಗಳಿಗೆಲ್ಲ ಒಂದು ಕಡೆ ಬರೆದಿಟ್ಟ ಉತ್ತರಗಳಿವೆ. ಚಿಯರ್‌ಲೀಡಿಂಗ್ ಹುಟ್ಟಿದ ಅಮೆರಿಕದಲ್ಲಿ, ಮಕ್ಕಳು ಬಿದ್ದು ಬಿದ್ದು, ಕೋರ್ಟಿಗೆ ಹೋಗಿ ಬಂದು, ಕೋಚ್ ಏನು ಮಾಡಬೇಕು, ಏನು ಮಾಡಬಾರದು ಎಂಬ ನಿಯಮಗಳು ರೂಪುಗೊಂಡಿವೆ. ಅವು ಏನು, ಯಾಕೆ ಬಂದವು, ನಮ್ಮ ಮುರಕಲ್ಲಿನ ಮೈದಾನಕ್ಕೆ ಅದರಲ್ಲಿ ಎಷ್ಟು ಹೊಂದುತ್ತದೆ ಎಂದು ನೋಡೋಣ.

ಐಪಿಎಲ್‌ನಲ್ಲಿ ಕಾಣುವುದು ಇದರ ಒಂದು ತುಂಡು ಮಾತ್ರ

ನಮ್ಮಲ್ಲಿ ಹೆಚ್ಚಿನವರು ಚಿಯರ್‌ಲೀಡರ್‌ಗಳನ್ನು ಮೊದಲು ನೋಡಿದ್ದು 2008ರಲ್ಲಿ, ಐಪಿಎಲ್ ಶುರುವಾದಾಗ. ಬೌಂಡರಿ ಬಿದ್ದರೆ ಕುಣಿಯುವವರು ಎಂಬ ಚಿತ್ರ ಅಲ್ಲಿಂದಲೇ ಮನಸ್ಸಲ್ಲಿ ಕೂತಿದೆ. ಅದು ಕುಣಿತ. ನಾವು ಇಲ್ಲಿ ಮಾತಾಡುತ್ತಿರುವುದು ಬೇರೆಯದು.

ಚಿಯರ್‌ಲೀಡಿಂಗ್ ಶುರುವಾದದ್ದು 1898ರ ನವೆಂಬರ್ 2ರಂದು ಎಂದು ಹೇಳುವುದು ರೂಢಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಮುಂದೆ ನಿಂತು ಘೋಷಣೆ ಕೂಗಿಸಿದ. ಮೊದಮೊದಲು ಇದು ಗಂಡಸರದ್ದೇ ಕೆಲಸವಾಗಿತ್ತು. 1920ರ ದಶಕದಲ್ಲಿ ಹುಡುಗಿಯರು ಬಂದರು. ನಿಧಾನವಾಗಿ ಜಿಮ್ನಾಸ್ಟಿಕ್ಸ್ ಸೇರಿತು, ಎತ್ತುವುದು, ಎಸೆಯುವುದು, ಪಿರಮಿಡ್ ಕಟ್ಟುವುದು ಸೇರಿತು. ಬೇರೆ ಆಟಕ್ಕೆ ಹುರುಪು ಕೊಡಲು ಬಂದದ್ದು ತಾನೇ ಒಂದು ಸ್ಪರ್ಧೆಯಾಯಿತು. ಇದಕ್ಕೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್ ಎಂಬ ಜಾಗತಿಕ ಸಂಸ್ಥೆ ಇದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ 2016ರಲ್ಲಿ ತಾತ್ಕಾಲಿಕ ಮಾನ್ಯತೆ ಕೊಟ್ಟಿತು, 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು. ಹಾಗೆಂದು ಅದು ಒಲಿಂಪಿಕ್ಸ್‌ನಲ್ಲಿ ಪದಕದ ಆಟ ಆಗಿಲ್ಲ.

ಆ ಕ್ರೀಡೆಯ ಪಿರಮಿಡ್‌ಗೂ ನಮ್ಮ ಶಾಲೆಯ ಪಿರಮಿಡ್‌ಗೂ ದೊಡ್ಡ ವ್ಯತ್ಯಾಸ ಏನಿಲ್ಲ. ಮೇಲಿರುವ ಮಗುವಿನ ತೂಕವನ್ನು ಕೆಳಗಿನ ಮಗು ಹೊರುತ್ತದೆ. ತಪ್ಪಿದರೆ ನೆಲಕ್ಕೆ ಬೀಳುತ್ತದೆ.

ಯಾರು ಎಲ್ಲಿ ನಿಲ್ಲುತ್ತಾರೆ

ಮೂರು ಹೆಸರು ಗೊತ್ತಿದ್ದರೆ ಉಳಿದದ್ದು ಸುಲಭ. ಕೆಳಗೆ ನಿಂತು ಹೊರುವವರು ಬೇಸ್. ಮೇಲೆ ಏರುವ ಮಗು ಫ್ಲೈಯರ್. ಇಬ್ಬರಲ್ಲೂ ಸೇರದೆ, ಪಕ್ಕದಲ್ಲೋ ಹಿಂದೆಯೋ ನಿಂತು ಬೀಳುವವರನ್ನು ಹಿಡಿಯಲೆಂದೇ ಇರುವವರು ಸ್ಪಾಟರ್.

ನಮ್ಮಲ್ಲಿ ಮೊದಲ ಇಬ್ಬರು ಇರುತ್ತಾರೆ. ಮೂರನೆಯವರು ಇರುವುದಿಲ್ಲ. ಇದ್ದರೂ "ಸ್ವಲ್ಪ ಹತ್ತಿರ ನಿಂತುಕೋ ಮಾರಾಯ" ಎಂದು ಯಾರನ್ನೋ ನಿಲ್ಲಿಸಿರುತ್ತಾರೆ. ಅವನ ಕಣ್ಣು ಫೋಟೋ ತೆಗೆಯುವವರ ಕಡೆಗೆ ಇರುತ್ತದೆ. ಚಿಯರ್‌ಲೀಡಿಂಗ್ ನಿಯಮದಲ್ಲಿ ಸ್ಪಾಟರ್‌ಗೆ ಬೇರೆ ಕೆಲಸವೇ ಇಲ್ಲ. ಫ್ಲೈಯರ್ ಮೇಲಿರುವಷ್ಟು ಹೊತ್ತೂ ಆಕೆಯನ್ನೇ ನೋಡುತ್ತಿರಬೇಕು. ಬಿದ್ದರೆ ಮೊದಲು ಉಳಿಸಬೇಕಾದದ್ದು ತಲೆ, ಕುತ್ತಿಗೆ, ಭುಜ. ಕಾಲು ಮುರಿದರೆ ಕೂಡೀತು, ಕುತ್ತಿಗೆಯ ವಿಷಯ ಹಾಗಲ್ಲ. ತೋಟದಲ್ಲಿ ಅಡಿಕೆ ಕೊಯ್ಯುವಾಗ ಕೆಳಗೆ ನಿಂತು ಗೊನೆ ಹಿಡಿಯುವವನನ್ನು ನೋಡಿದ್ದೀರಲ್ವಾ? ಮೇಲಿನವನು ಮರದಲ್ಲಿರುವಷ್ಟು ಹೊತ್ತು ಅವನ ಕುತ್ತಿಗೆ ಕೆಳಗಿಳಿಯುವುದಿಲ್ಲ, ಬಾಯಲ್ಲಿ ಮಾತಿದ್ದರೂ ಕಣ್ಣು ಮೇಲೆಯೇ. ಸ್ಪಾಟರ್‌ನ ಕೆಲಸ ಅದೇ.

ಕಲಿಯುವ ಹಂತದಲ್ಲಂತೂ ಒಬ್ಬ ಸಾಲದು. ಹೊಸ ಸ್ಟಂಟ್ ಎಂದರೆ ಹೆಚ್ಚುವರಿ ಸ್ಪಾಟರ್‌ಗಳು ಬೇಕು.

ನಿಯಮ ಬರೆಯಬೇಕಾಗಿ ಬಂದದ್ದು ಯಾಕೆ

ಅಮೆರಿಕದಲ್ಲಿ ಬಹಳ ಕಾಲ ಒಂದು ಗೊಂದಲ ಇತ್ತು. ಚಿಯರ್‌ಲೀಡಿಂಗ್ ಆಟವೋ, ಅಲ್ಲವೋ? ಕೇಳಿದರೆ ಸುಮ್ನೆ ಹೆಸರಿನ ಜಗಳ ಅನ್ನಿಸುತ್ತದೆ. ಆದರೆ ಇದರ ಹಿಂದೆ ದುಡ್ಡೂ ಇದೆ, ಮಕ್ಕಳ ಜೀವವೂ ಇದೆ. ಶಾಲೆ ಒಂದು ಚಟುವಟಿಕೆಯನ್ನು ಆಟ ಎಂದು ಒಪ್ಪಿಕೊಂಡರೆ ಅದಕ್ಕೆ ತರಬೇತಾದ ಕೋಚ್, ವೈದ್ಯಕೀಯ ತಪಾಸಣೆ, ಸರಿಯಾದ ಜಾಗ, ಅಭ್ಯಾಸದ ಸಮಯಕ್ಕೆ ಮಿತಿ ಎಲ್ಲ ಬರುತ್ತದೆ. ಒಪ್ಪದಿದ್ದರೆ ಮಕ್ಕಳು ಖಾಲಿ ಇರುವ ಹಜಾರದಲ್ಲೋ ಊಟದ ಕೋಣೆಯಲ್ಲೋ ಅಭ್ಯಾಸ ಮಾಡುತ್ತಾರೆ. 2010ರಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು, ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡುವ ಕಾನೂನಿನ ಲೆಕ್ಕಕ್ಕೆ ಸ್ಪರ್ಧಾತ್ಮಕ ಚಿಯರ್ ಆಗ ಇದ್ದ ರೂಪದಲ್ಲಿ ಆಟ ಎನಿಸುವುದಿಲ್ಲ ಎಂದರು.

ಒಂದು ವರ್ಷ ಮೊದಲು, 2009ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣವನ್ನು ನಮ್ಮ ಮಾಸ್ತರುಗಳು ಒಮ್ಮೆ ಓದಬೇಕು. ಶಾಲಾ ಹುಡುಗಿಯೊಬ್ಬಳು ಪಂದ್ಯಕ್ಕೆ ಮೊದಲು ಅಭ್ಯಾಸ ಮಾಡುವಾಗ ಸ್ಟಂಟ್‌ನಿಂದ ಹಿಂದಕ್ಕೆ ಬಿದ್ದಳು. ಕೆಳಗೆ ಟೈಲ್ಸ್ ನೆಲ, ಮ್ಯಾಟ್ ಇಲ್ಲ. ಹಿಡಿಯಬೇಕಾಗಿದ್ದ ಸಹಪಾಠಿ ಸರಿಯಾದ ಜಾಗದಲ್ಲಿರಲಿಲ್ಲ. ತಲೆಗೆ ಪೆಟ್ಟಾಯಿತು. ಆ ಸಹಪಾಠಿಯ ಮೇಲೆ ನಿರ್ಲಕ್ಷ್ಯದ ಹೊಣೆ ಹೊರಿಸಲಾಗದು ಎಂದು ಕೋರ್ಟ್ ಹೇಳಿತು, ಯಾಕೆಂದರೆ ಚಿಯರ್‌ಲೀಡಿಂಗ್ ಮೈಗೆ ಮೈ ತಾಗುವ ಕ್ರೀಡೆ, ಅಂಥ ಆಟಗಾರರಿಗೆ ಅಲ್ಲಿನ ಕಾನೂನು ರಕ್ಷಣೆ ಕೊಡುತ್ತದೆ. ಅಂದರೆ ಒಂದು ಕೋರ್ಟ್ ಕ್ರೀಡೆ ಎಂದಿತು, ಇನ್ನೊಂದು ಅಲ್ಲ ಎಂದಿತು. ಎರಡು ಬೇರೆ ಕಾನೂನು, ಎರಡು ಬೇರೆ ಉತ್ತರ. ಬಿದ್ದ ಹುಡುಗಿಗೆ ಎರಡರಿಂದಲೂ ಪ್ರಯೋಜನ ಇಲ್ಲ.

ಇವೆರಡಕ್ಕೂ ಮೊದಲು, 2006ರ ಮಾರ್ಚ್‌ನಲ್ಲಿ, ಒಂದು ಘಟನೆ ಟಿವಿಯಲ್ಲೇ ನಡೆಯಿತು. ಸದರ್ನ್ ಇಲಿನಾಯ್ಸ್ ವಿಶ್ವವಿದ್ಯಾಲಯದ ಚಿಯರ್‌ಲೀಡರ್ ಒಬ್ಬರು ಬಾಸ್ಕೆಟ್‌ಬಾಲ್ ಪಂದ್ಯದ ವೇಳೆ ಪಿರಮಿಡ್‌ನಿಂದ ಗಟ್ಟಿ ನೆಲಕ್ಕೆ ಬಿದ್ದರು. ಸ್ಟ್ರೆಚರ್ ಮೇಲೆ ಕಟ್ಟಿ ಒಯ್ಯುವಾಗ ತಂಡದ ಹಾಡು ಕೇಳಿ ಮಲಗಿದಲ್ಲಿಂದಲೇ ಕೈ ಆಡಿಸಿದರು. ಜನ ಚಪ್ಪಾಳೆ ತಟ್ಟಿದರು. ಎಂಥಾ ಧೈರ್ಯ ಎಂದು ಎಲ್ಲರೂ ಹೊಗಳಿದರು. ನನಗೆ ಆ ಹೊಗಳಿಕೆಗಿಂತ ಅದರ ನಂತರ ನಡೆದದ್ದು ಮುಖ್ಯ ಅನ್ನಿಸುತ್ತದೆ. ಕೋಚ್‌ಗಳ ಸಂಘಟನೆ ನಿಯಮ ಬಿಗಿ ಮಾಡಿತು. ಮ್ಯಾಟ್ ಇಲ್ಲದ ಬಾಸ್ಕೆಟ್‌ಬಾಲ್ ಅಂಗಣದಲ್ಲಿ ತುಂಬಾ ಎತ್ತರದ ಪಿರಮಿಡ್ ಮತ್ತು ಮೇಲಕ್ಕೆ ಎಸೆಯುವ ಸ್ಟಂಟ್ ನಿಂತವು.

2012ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘ ಈ ಬಗ್ಗೆ ಒಂದು ಹೇಳಿಕೆ ಹೊರಡಿಸಿತು. ಅದರ ಪ್ರಕಾರ ಚಿಯರ್‌ಲೀಡಿಂಗ್‌ನಲ್ಲಿ ಒಟ್ಟಾರೆ ಗಾಯದ ಪ್ರಮಾಣ ಬೇರೆ ಆಟಗಳಿಗಿಂತ ಜಾಸ್ತಿ ಏನಲ್ಲ. ಆದರೆ ಹೈಸ್ಕೂಲ್ ಹುಡುಗಿಯರಿಗೆ ಆಟದಲ್ಲಿ ಆಗುವ ಅತಿ ಗಂಭೀರ ಗಾಯಗಳಲ್ಲಿ, ಅಂದರೆ ತಲೆ, ಬೆನ್ನುಹುರಿಗೆ ಆಗುವಂಥವುಗಳಲ್ಲಿ, ಸುಮಾರು ಮೂರನೇ ಎರಡು ಪಾಲು ಇದರದ್ದೇ. ಬೀಳುವುದು ಅಪರೂಪ, ಬಿದ್ದರೆ ಜೋರು. "ಇಷ್ಟು ವರ್ಷ ಮಾಡಿಸಿದ್ದೇನೆ, ಏನೂ ಆಗಿಲ್ಲ" ಎಂಬ ಮಾತು ಇಂಥ ಕಡೆ ಧೈರ್ಯ ಕೊಡಬಾರದು.

ಮೊದಲು ನೆಲ ನೋಡಿ

ಆ ಹೇಳಿಕೆಯ ಒಂದು ಸಾಲು ನೇರವಾಗಿ ನಮ್ಮೂರಿಗೇ ಬರೆದಂತಿದೆ. ಸ್ಟಂಟ್, ಪಿರಮಿಡ್ ಏನಿದ್ದರೂ ಸ್ಪ್ರಿಂಗ್ ಅಥವಾ ಫೋಮ್ ಹಾಸಿದ ನೆಲದಲ್ಲೋ ಹುಲ್ಲಿನ ಮೇಲೋ ಮಾಡಬೇಕು. ಗಟ್ಟಿ, ಒದ್ದೆ, ಏರುಪೇರಾದ ನೆಲದಲ್ಲಿ ಮಾಡಲೇಬಾರದು.

ನಮ್ಮ ಶಾಲಾ ಮೈದಾನಗಳನ್ನು ನೆನಪಿಸಿಕೊಳ್ಳಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಕಡೆ ಗುಡ್ಡ ತಟ್ಟು ಮಾಡಿ, ಮುರಕಲ್ಲು ಸವರಿ ಮಾಡಿದ ಜಾಗ. ಬೇಸಿಗೆಯಲ್ಲಿ ಕಲ್ಲಿನಷ್ಟೇ ಗಟ್ಟಿ. ಮಳೆಗಾಲದಲ್ಲಿ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಮಳೆ ಬಂತೆಂದು ಒಳಗೆ ಹೋದರೆ ಸಿಮೆಂಟು ಜಗಲಿ, ಇಲ್ಲವೇ ಟೈಲ್ಸ್. ಗಟ್ಟಿ, ಒದ್ದೆ, ಏರುಪೇರು ಮೂರೂ ಒಂದೇ ಕಡೆ ಸಿಗುವ ಊರು ನಮ್ಮದು, ಅದೂ ಸರಿಯಾಗಿ ಆಗಸ್ಟ್ ತಿಂಗಳಲ್ಲಿ.

ನೆಲ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಶಾಲೆಯ ಭೌತಶಾಸ್ತ್ರ ಸಾಕು. 3 ಮೀಟರ್ ಎತ್ತರದಿಂದ ಬೀಳುವ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿರುತ್ತದೆ. ಬೀಳಲು ಹಿಡಿಯುವ ಸಮಯ ಒಂದು ಸೆಕೆಂಡಿಗಿಂತಲೂ ಕಡಿಮೆ, ಸುಮಾರು 0.8 ಸೆಕೆಂಡು. ಆ ವೇಗ ಎಲ್ಲಿಯಾದರೂ ನಿಲ್ಲಲೇಬೇಕು. ಸಿಮೆಂಟಿನ ಮೇಲೆ ಒಂದೆರಡು ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ. ದಪ್ಪ ಮ್ಯಾಟ್ ಹತ್ತು ಸೆಂಟಿಮೀಟರ್ ಕುಗ್ಗಿ ಕೊಟ್ಟರೆ ದೇಹದ ಮೇಲೆ ಬೀಳುವ ಬಲ ಅಷ್ಟೇ ಪಾಲು ಇಳಿಯುತ್ತದೆ. ಮ್ಯಾಟ್ ಬೀಳುವುದನ್ನು ತಪ್ಪಿಸುವುದಿಲ್ಲ. ನಿಲ್ಲಲು ಸ್ವಲ್ಪ ಜಾಗ ಕೊಡುತ್ತದೆ, ಅಷ್ಟೇ.

ಹಾಗಾಗಿ ಮ್ಯಾಟ್ ಇದೆ ಎಂದು ಸ್ಪಾಟರ್ ಬೇಡ ಅನ್ನುವ ಹಾಗಿಲ್ಲ. ಜಮಖಾನೆ, ಯೋಗದ ತೆಳು ಚಾಪೆ ಇವು ಮ್ಯಾಟ್ ಲೆಕ್ಕಕ್ಕೆ ಬರುವುದೇ ಇಲ್ಲ. ಕಾಲಿಗೆ ಜಾರುವುದು ಬೇರೆ.

ಕೆಳಗಿನ ಮಗು ಎಷ್ಟು ಹೊರುತ್ತದೆ

ಪಿರಮಿಡ್ ಎಂದ ಕೂಡಲೇ ನಮ್ಮ ಕಣ್ಣು ಮೇಲಿರುವ ಪುಟ್ಟ ಮಗುವಿನ ಕಡೆ ಹೋಗುತ್ತದೆ. ಕೆಳಗಿನ ಸಾಲಿನ ಲೆಕ್ಕ ಯಾರೂ ಹಾಕುವುದಿಲ್ಲ. ಒಮ್ಮೆ ಹಾಕಿ ನೋಡೋಣ.

ಕೆಳಗೆ ನಾಲ್ವರು ಮಂಡಿಯೂರಿ ಕೈಯೂರಿದ್ದಾರೆ, ಮೇಲೆ ಮೂವರು, ಅದರ ಮೇಲೆ ಇಬ್ಬರು, ತುದಿಗೆ ಒಬ್ಬರು. ಎಲ್ಲರೂ 30 ಕಿಲೋ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರ ಭಾರ ಕೆಳಗಿನ ಇಬ್ಬರಿಗೆ ಸಮನಾಗಿ ಹಂಚಿದರೆ, ಮೇಲಿನಿಂದ ಎರಡನೇ ಸಾಲಿನವರು ತಲಾ 15 ಕಿಲೋ ಹೊರುತ್ತಾರೆ. ಮೂರನೇ ಸಾಲಿನ ನಡುವಿನ ಮಗು 45 ಕಿಲೋ. ನೆಲದಲ್ಲಿರುವ ಸಾಲಿನ ನಡುವಿನ ಇಬ್ಬರು ತಲಾ ಸುಮಾರು 64 ಕಿಲೋ ಹೊರುತ್ತಾರೆ. ತಮ್ಮ ತೂಕದ ಎರಡು ಪಟ್ಟಿಗಿಂತ ಜಾಸ್ತಿ. ಅಂಚಿನ ಇಬ್ಬರಿಗೆ 26 ಕಿಲೋ ಮಾತ್ರ. ಒಂದೇ ಸಾಲಿನಲ್ಲಿ ಇರುವವರಿಗೆ ಇಷ್ಟು ವ್ಯತ್ಯಾಸ. ಇದು ಎಲ್ಲರೂ ಅಲುಗದೆ ಇದ್ದಾಗಿನ ಲೆಕ್ಕ. ಮೇಲಿನವನು ನಗುತ್ತಾ ಕೈ ಬೀಸಿದರೆ, ಇಳಿಯುವಾಗ ಬೆನ್ನ ಮೇಲಿಂದ ಹಾರಿದರೆ, ಲೆಕ್ಕ ಬೇರೆಯೇ ಆಗುತ್ತದೆ.

ಅದಕ್ಕೇ ಅಮೆರಿಕದ ಹೈಸ್ಕೂಲ್ ನಿಯಮಗಳಲ್ಲಿ ಪಿರಮಿಡ್‌ಗೆ ಎರಡು ಆಳಿನ ಎತ್ತರವೇ ಮಿತಿ. ಮಕ್ಕಳ ವೈದ್ಯರ ಸಂಘ ಹೇಳುವುದೂ ಅಷ್ಟೇ. ಮೇಲಕ್ಕೆ ಎಸೆಯುವ ಸ್ಟಂಟ್‌ನಲ್ಲಿ ಎಸೆಯುವವರು ನಾಲ್ವರಿಗಿಂತ ಜಾಸ್ತಿ ಇರಬಾರದು, ಏಕೆಂದರೆ ಜನ ಹೆಚ್ಚಿದಷ್ಟು ಎತ್ತರವೂ ಹೆಚ್ಚುತ್ತದೆ. ಹೈಸ್ಕೂಲ್ ಮಕ್ಕಳು ಎಸೆತದಲ್ಲಿ ಗಾಳಿಯಲ್ಲೇ ಪಲ್ಟಿ ಹೊಡೆಯುವ ಹಾಗಿಲ್ಲ.

ಶಾಲಾ ಪಿರಮಿಡ್ ವಿಷಯದಲ್ಲಿ ಜಪಾನಿನ ಕತೆಯೂ ನಮಗೆ ಹತ್ತಿರದ್ದು. ಅಲ್ಲಿ ಕ್ರೀಡಾಕೂಟದ ದಿನ ಮಕ್ಕಳ ಪಿರಮಿಡ್ ಕಟ್ಟುವುದು ಹಳೆಯ ಪದ್ಧತಿ. ಅದಕ್ಕೆ ಕುಮಿತೈಸೋ ಅನ್ನುತ್ತಾರೆ. ಒಂದು ಶಾಲೆಗಿಂತ ಇನ್ನೊಂದು ಎತ್ತರಕ್ಕೆ ಹೋಗಿ ಹೋಗಿ ಹತ್ತು ಸಾಲಿನವರೆಗೂ ಮುಟ್ಟಿತು. 2015ರಲ್ಲಿ ಒಸಾಕಾ ಬಳಿಯ ಶಾಲೆಯೊಂದರಲ್ಲಿ ಅಂಥದ್ದು ಕುಸಿದು ಮಕ್ಕಳಿಗೆ ಗಾಯವಾಯಿತು, ಆ ವಿಡಿಯೋ ದೇಶವೆಲ್ಲ ಹರಡಿತು. 2016ರ ಮಾರ್ಚ್‌ನಲ್ಲಿ ಜಪಾನಿನ ಕ್ರೀಡಾ ಇಲಾಖೆ, ಸುರಕ್ಷತೆ ಖಾತ್ರಿ ಇಲ್ಲದಿದ್ದರೆ ಇದನ್ನು ಮಾಡಿಸಬೇಡಿ ಎಂದು ಸೂಚನೆ ಕಳಿಸಿತು.

ನಮ್ಮ ದೇಶದಲ್ಲಿ ಈ ಚರ್ಚೆ ನಡೆದದ್ದು ಮೊಸರು ಕುಡಿಕೆಯ ಮೇಲೆ, ಮಹಾರಾಷ್ಟ್ರದಲ್ಲಿ. 2014ರಲ್ಲಿ ಬಾಂಬೆ ಹೈಕೋರ್ಟ್ ಎತ್ತರ 20 ಅಡಿ ದಾಟಬಾರದು, 18 ವರ್ಷದೊಳಗಿನವರು ಬೇಡ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ತಿರುಗಿ ಬಂತು. 2017ರಲ್ಲಿ ಹೈಕೋರ್ಟ್ ಎತ್ತರದ ಮಿತಿ ಬಿಟ್ಟುಕೊಟ್ಟಿತು. 14 ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಸರ್ಕಾರ ಒಪ್ಪಿಕೊಂಡಿತು. ಇದು ಅಲ್ಲಿನ ಮಾತು, ಕೇರಳಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಮಡಕೆ ಒಡೆಯಲು ಅತಿ ಸಣ್ಣ ಹುಡುಗನನ್ನೇ ಹುಡುಕುವ ಅಭ್ಯಾಸ ನಮ್ಮಲ್ಲೂ ಇದೆ ಅಲ್ವಾ? ಹಗುರ ಇರುವುದರಿಂದ ಅವನನ್ನು ಆರಿಸುತ್ತಾರೆ. ಅವನ ಕುತ್ತಿಗೆಯೂ ಅಷ್ಟೇ ಹಗುರ.

ಕಲಿಸುವ ಕ್ರಮ: ನೆಲದಿಂದ ಶುರು

ಎತ್ತರಕ್ಕಿಂತ ಮುಖ್ಯವಾದ ನಿಯಮ ಇದು. ಚಿಯರ್‌ಲೀಡಿಂಗ್ ಕೋಚ್‌ಗಳಿಗೆ ಮೊದಲು ಹೇಳಿಕೊಡುವುದೇ ಮೆಟ್ಟಿಲು ಹಾರಬೇಡಿ ಎಂದು. ಫ್ಲೈಯರ್ ಮೊದಲು ನೆಲದ ಮೇಲೆ ಮೈ ಬಿಗಿ ಹಿಡಿದು ನಿಲ್ಲಲು ಕಲಿಯಬೇಕು. ಆಮೇಲೆ ಬೇಸ್‌ಗಳ ತೊಡೆಯ ಮೇಲೆ. ಆಮೇಲೆ ಭುಜದ ಎತ್ತರದಲ್ಲಿ ಹಿಡಿದ ಕೈಗಳ ಮೇಲೆ. ಕೈ ಪೂರ್ತಿ ಚಾಚಿ ಎತ್ತುವುದು ಕೊನೆಗೆ. ಒಂದು ಹಂತ ಪ್ರತಿ ಸಲವೂ ಅಲುಗದೆ ಬಂದ ಮೇಲೆ ಮಾತ್ರ ಮುಂದಿನದು. ಸ್ಪರ್ಧೆಗಳಲ್ಲೂ ಇದೇ ಕಾರಣಕ್ಕೆ ಮಟ್ಟಗಳನ್ನು ಮಾಡಿ, ಯಾವ ಮಟ್ಟದ ತಂಡ ಯಾವ ಸ್ಟಂಟ್ ಮಾಡಬಹುದು ಎಂದು ಗೆರೆ ಎಳೆದಿದ್ದಾರೆ.

ಇದರ ಜೊತೆಗೆ ಇಳಿಯುವುದನ್ನು ಏರುವುದಕ್ಕಿಂತ ಮೊದಲು ಕಲಿಸಬೇಕು. ನಮ್ಮಲ್ಲಿ ಏರುವುದಕ್ಕೆ ಹತ್ತು ದಿನ ಅಭ್ಯಾಸ, ಇಳಿಯುವುದಕ್ಕೆ ಒಂದು ಸೀಟಿ. ಎಲ್ಲರೂ ಒಟ್ಟಿಗೆ ದಬಕ್ಕನೆ ಕುಸಿದು ಮಲಗುವುದನ್ನೇ ಒಂದು ಚಂದ ಎಂದು ತೋರಿಸುವ ಪಿರಮಿಡ್‌ಗಳೂ ಇವೆ. ಕೆಳಗಿನ ಮಗುವಿನ ಬೆನ್ನಿನ ಲೆಕ್ಕ ಈಗಷ್ಟೇ ಹಾಕಿದೆವು. ಆ ಕುಸಿತ ಯಾರ ಮೇಲೆ ಬೀಳುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸಣ್ಣ ನಿಯಮಗಳೂ ಇವೆ. ಬಳೆ, ಸರ, ಕಿವಿಯೋಲೆ, ಉಂಗುರ ಏನೂ ಇರಬಾರದು. ಉಗುರು ಚಿಕ್ಕದಾಗಿರಬೇಕು. ಕೂದಲು ಕಣ್ಣಿಗೆ ಬೀಳಬಾರದು. ಬಾಯಲ್ಲಿ ಚ್ಯೂಯಿಂಗ್ ಗಮ್ ಬೇಡ. ನಮ್ಮ ವಾರ್ಷಿಕೋತ್ಸವದಲ್ಲಿ ಮಿನುಗುವ ಸ್ಯಾಟಿನ್ ಬಟ್ಟೆ ಹಾಕಿಸುತ್ತಾರೆ, ಅದು ಕೈಯಲ್ಲಿ ನಿಲ್ಲುವುದಿಲ್ಲ. ಅಭ್ಯಾಸ ಮಾಡಿದ್ದು ಟೀ ಶರ್ಟಿನಲ್ಲಿ, ವೇದಿಕೆ ಹತ್ತಿದ್ದು ಸ್ಯಾಟಿನ್‌ನಲ್ಲಿ ಎಂದಾದರೆ ಹಿಡಿತವೇ ಬದಲಾಗುತ್ತದೆ.

ಕೋಚ್ ಇಲ್ಲದಾಗ ಸ್ಟಂಟ್ ಇಲ್ಲ ಎಂಬುದೂ ಬರೆದಿಟ್ಟ ನಿಯಮ. ಚಾ ಕುಡಿಯಲು ಆಫೀಸಿಗೆ ಹೋದರೆ ಮಕ್ಕಳು ನೆಲದಲ್ಲೇ ಇರಬೇಕು.

ಬಿದ್ದರೆ ಏನು ಮಾಡಬೇಕು ಎಂದು ಮೊದಲೇ ಬರೆದಿಡಿ

ಅಲ್ಲಿ ಇದನ್ನು ತುರ್ತು ಯೋಜನೆ ಎಂದು ಕಾಗದದಲ್ಲಿ ಬರೆದು ಅಭ್ಯಾಸದ ಜಾಗದಲ್ಲೇ ಇಡುತ್ತಾರೆ. ಫೋನ್ ಮಾಡುವವರು ಯಾರು, ಮಗುವಿನ ಹತ್ತಿರ ಇರುವವರು ಯಾರು, ಉಳಿದ ಮಕ್ಕಳನ್ನು ದೂರ ಕರೆದೊಯ್ಯುವವರು ಯಾರು, ಗೇಟಿನ ಬೀಗದ ಕೈ ಎಲ್ಲಿ.

ನಮಗೆ ಇದು ಇನ್ನೂ ಜಾಸ್ತಿ ಬೇಕು. ತಲೆಗೆ ದೊಡ್ಡ ಪೆಟ್ಟಾದರೆ ಇಲ್ಲಿನ ಜನ ಸಾಮಾನ್ಯವಾಗಿ ತಲಪಾಡಿ ದಾಟಿ ಮಂಗಳೂರಿಗೇ ಓಡುತ್ತಾರೆ. ಕಾಸರಗೋಡು ಪೇಟೆಯಿಂದಲೇ ಅದು ಸುಮಾರು 50 ಕಿಲೋಮೀಟರ್. ಬಂದಡ್ಕದಂಥ ಒಳನಾಡಿನಿಂದ ಇನ್ನೂ ದೂರ. 108 ಆಂಬ್ಯುಲೆನ್ಸ್ ಎಷ್ಟು ಹೊತ್ತಿಗೆ ಬಂದೀತು, ಅಷ್ಟರೊಳಗೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬಹುದು ಎಂದು ಬಿದ್ದ ಮೇಲೆ ಯೋಚಿಸುವುದಲ್ಲ.

ನಮ್ಮ ಮೊದಲ ಪ್ರತಿಕ್ರಿಯೆ ಏನು ಗೊತ್ತಲ್ಲ. ಮಗುವನ್ನು ಎತ್ತಿ ಕೂರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಆಟೋದಲ್ಲಿ ಮಡಿಲ ಮೇಲೆ ಮಲಗಿಸಿ ಒಯ್ಯುವುದು. ಕುತ್ತಿಗೆಗೆ ಪೆಟ್ಟಾಗಿರಬಹುದು ಎಂಬ ಸಂಶಯವಿದ್ದರೆ ಇದೆಲ್ಲ ಅಪಾಯ. ಮಗುವನ್ನು ಅಲುಗಿಸದೆ, ತಲೆಯನ್ನು ಇದ್ದ ಹಾಗೆಯೇ ಎರಡೂ ಕೈಯಲ್ಲಿ ಆಧರಿಸಿ, ಸಹಾಯ ಬರುವ ತನಕ ಕಾಯಬೇಕು. ಉಸಿರಾಟ ನಿಂತಿದ್ದರೆ ಮಾತ್ರ ಬೇರೆ, ಆಗ ಉಸಿರು ಮೊದಲು.

ಎದ್ದು ನಿಂತಿತು, ನಗುತ್ತಿದೆ ಎಂದ ಮಾತ್ರಕ್ಕೆ ತಲೆಗೆ ಏನೂ ಆಗಿಲ್ಲ ಎಂದಲ್ಲ. ತಲೆಗೆ ಏಟು ಬಿದ್ದು ಮಿದುಳು ಅಲುಗಾಡಿದಾಗ ಆಗುವ ಗಾಯಕ್ಕೆ ಕನ್‌ಕಷನ್ ಅನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆನೋವು, ವಾಂತಿ, ತಲೆಸುತ್ತು, ಬೆಳಕು ನೋಡಲಾಗದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಇದ್ದಕ್ಕಿದ್ದಂತೆ ನಿದ್ದೆ ಬರುವುದು ಇದರ ಗುರುತುಗಳು. ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು. ವಾಷಿಂಗ್ಟನ್ ರಾಜ್ಯ 2009ರಲ್ಲಿ ಇದಕ್ಕೊಂದು ಕಾನೂನು ತಂದಿತು, ನಂತರ ಅಮೆರಿಕದ ಉಳಿದ ರಾಜ್ಯಗಳೂ ತಂದವು. ಸಂಶಯ ಬಂದರೆ ಮಗುವನ್ನು ಅಂದೇ ಆಟದಿಂದ ಹೊರಗಿಡಬೇಕು. ವೈದ್ಯರು ಒಪ್ಪಿಗೆ ಬರೆದುಕೊಟ್ಟ ಮೇಲೆಯೇ ವಾಪಸು. ನಾಳೆಯೇ ಕಾರ್ಯಕ್ರಮ ಇದೆ ಎಂಬುದಕ್ಕೆ ಅಲ್ಲಿ ವಿನಾಯಿತಿ ಇಲ್ಲ.

ಮೈ ಮುಟ್ಟುವ ಆಟ, ತೂಕ ನೋಡುವ ಕಣ್ಣು

ಎತ್ತುವುದು, ಹಿಡಿಯುವುದು ಕಲಿಸುವಾಗ ಕೋಚ್ ಮಗುವನ್ನು ಮುಟ್ಟಲೇಬೇಕಾಗುತ್ತದೆ. ಅದಕ್ಕೆ ಅಲ್ಲಿನ ಕ್ರಮ ಸರಳ. ಎಲ್ಲಿ ಹಿಡಿಯುತ್ತೇನೆ, ಯಾಕೆ ಎಂದು ಮೊದಲೇ ಹೇಳಬೇಕು. ಎಲ್ಲರೆದುರೇ ಮಾಡಬೇಕು. ಕ್ರೀಡೆಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು 2017ರಲ್ಲಿ ಅಮೆರಿಕದಲ್ಲಿ ಸೇಫ್‌ಸ್ಪೋರ್ಟ್ ಎಂಬ ಕೇಂದ್ರ ಶುರುವಾಯಿತು. ಅದರ ಮುಖ್ಯ ನಿಯಮ ಇದು: ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಇದ್ದರೆ ಅದು ಇನ್ನೊಬ್ಬರಿಗೆ ಕಾಣುವಂತಿರಬೇಕು, ನಡುವೆ ಹೋಗಿ ತಡೆಯುವಂತಿರಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ವಿಶೇಷ ಅಭ್ಯಾಸ ಇಲ್ಲ. ರಾತ್ರಿ ಒಬ್ಬ ಹುಡುಗಿಗೆ ಮಾತ್ರ ಮೆಸೇಜು ಇಲ್ಲ.

ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ ಅದೇ ಅಪರಾಧ. ಶಾಲೆಯ ಮರ್ಯಾದೆ ಎಂದು ಮುಚ್ಚಿಡುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098.

ತೂಕದ ವಿಷಯ ಇನ್ನೊಂದು. ಮೇಲೇರುವ ಮಗು ಹಗುರ ಇರಬೇಕು ಎಂಬ ಆಸೆಯಿಂದ "ಕಾರ್ಯಕ್ರಮ ಮುಗಿಯೋವರೆಗೆ ಊಟ ಕಡಿಮೆ ಮಾಡು" ಅನ್ನುವವರಿದ್ದಾರೆ. ಬೆಳೆಯುವ ಮಗುವಿಗೆ ಹೀಗೆ ಹೇಳುವುದು ಕೋಚ್‌ನ ಕೆಲಸವಲ್ಲ. ಹಸಿದ ಮಗುವಿಗೆ ಮೇಲೆ ನಿಂತಾಗ ತಲೆ ಸುತ್ತುತ್ತದೆ, ಅದು ಬೇರೆ ಮಾತು.

ಆಟದ ಮರ್ಯಾದೆ

ಚಿಯರ್‌ಲೀಡರ್‌ಗಳ ಮೂಲ ಕೆಲಸ ಜನರನ್ನು ಕೂಗಿಸುವುದು. ಆ ಕೂಗು ಯಾವ ಕಡೆ ತಿರುಗುತ್ತದೆ ಎಂಬುದು ಅವರ ಕೈಯಲ್ಲಿದೆ. ಹಾಗಾಗಿ ಕೋಚ್‌ಗಳ ನಡತೆಯ ನಿಯಮದಲ್ಲಿ ಸುರಕ್ಷತೆಯಷ್ಟೇ ಜಾಗ ಇದಕ್ಕೂ ಇದೆ. ನಮ್ಮ ತಂಡಕ್ಕೆ ಜೈ ಅನ್ನಬಹುದು, ಎದುರಿನವರನ್ನು ಹೀಯಾಳಿಸುವ ಘೋಷಣೆ ಇಲ್ಲ. ಎದುರು ತಂಡದವರು ತಪ್ಪು ಮಾಡಿದಾಗ ಕುಣಿಯುವುದಿಲ್ಲ. ಯಾವ ತಂಡದ ಆಟಗಾರ ಗಾಯಗೊಂಡು ಬಿದ್ದರೂ ಸದ್ದು ನಿಲ್ಲಬೇಕು.

ಕೋಚ್ ತೀರ್ಪುಗಾರರ ಹತ್ತಿರ ಹೋಗಿ ಜಗಳ ಮಾಡುವ ಹಾಗಿಲ್ಲ. ನಿಯಮದ ಬಗ್ಗೆ ಪ್ರಶ್ನೆ ಇದ್ದರೆ ಕೋಚ್ ಒಬ್ಬರೇ, ಸ್ಪರ್ಧೆಯ ಮುಖ್ಯಸ್ಥರನ್ನು ಕೇಳಬೇಕು. ಪೋಷಕರು, ಮಕ್ಕಳು ಕೇಳುವಂತಿಲ್ಲ. ಉಪಜಿಲ್ಲಾ ಕಲೋತ್ಸವದಲ್ಲಿ ಫಲಿತಾಂಶ ಬಂದ ಮೇಲೆ ವೇದಿಕೆಯ ಹಿಂದೆ ಏನೆಲ್ಲ ನಡೆಯುತ್ತದೆ ಎಂದು ಕಂಡವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ. ಅಪೀಲು ಹಾಕಲು ದಾರಿ ಇದೆ, ಹಾಕಲಿ. ಆದರೆ ಸೋತ ಮಕ್ಕಳ ಎದುರೇ "ಜಡ್ಜ್ ದುಡ್ಡು ತಿಂದ" ಅಂದರೆ ಮಕ್ಕಳು ಮುಂದಿನ ವರ್ಷಕ್ಕೆ ಕಲಿತು ಇಟ್ಟುಕೊಳ್ಳುವುದು ಅದನ್ನೇ.

ಮರ್ಯಾದೆಯೂ ಸುರಕ್ಷತೆಯೂ ಕೂಡುವ ಜಾಗವೂ ಒಂದಿದೆ. ಪಕ್ಕದ ಶಾಲೆಯವರು ಮೂರು ಸಾಲು ಕಟ್ಟಿದರು, ನಾವು ನಾಲ್ಕು ಕಟ್ಟೋಣ ಎಂಬ ಹಟ. ಮಗು ಹೆದರಿದರೆ "ಪುಕ್ಕಲ" ಎಂದು ನಗುವುದು. ಒಳ್ಳೆಯ ಕೋಚ್‌ನ ತಂಡದಲ್ಲಿ ಯಾವ ಮಗುವಾದರೂ ಯಾವ ಕ್ಷಣದಲ್ಲಾದರೂ ಬೇಡ ಅನ್ನಬಹುದು. ಅಂದ ಕೂಡಲೇ ಇಳಿಸುತ್ತಾರೆ, ಕಾರಣ ಆಮೇಲೆ ಕೇಳುತ್ತಾರೆ. ಹೆದರಿದ ಮಗುವಿನ ಮೈ ಸಡಿಲವಾಗುತ್ತದೆ, ಕೆಳಗಿನವರ ಹಿಡಿತವೂ ತಪ್ಪುತ್ತದೆ.

ದುಡ್ಡಿಲ್ಲದ ಶಾಲೆ ಏನು ಮಾಡಬಹುದು

ಸ್ಪ್ರಿಂಗ್ ನೆಲ, ವಿದೇಶಿ ಮ್ಯಾಟ್ ನಮ್ಮ ಕನ್ನಡ ಶಾಲೆಗಳಿಗೆ ಎಟುಕುವುದಲ್ಲ. ಪಿ.ಟಿ. ಮಾಸ್ತರೇ ಇಲ್ಲದ ಶಾಲೆಗಳಿವೆ, ಅಲ್ಲಿ ಕಲಿಸುವುದು ಹಳೆ ವಿದ್ಯಾರ್ಥಿಗಳು. ಆದರೆ ಮೇಲೆ ಹೇಳಿದ ನಿಯಮಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಡ. ಎರಡು ಆಳಿಗಿಂತ ಎತ್ತರ ಬೇಡ ಎನ್ನಲು ಖರ್ಚಿಲ್ಲ. ಸ್ಪಾಟರ್ ನಿಲ್ಲಿಸಲು, ಬಳೆ ತೆಗೆಸಲು, ಮಳೆ ಬಂದ ದಿನ ಅಭ್ಯಾಸ ಬಿಡಲು ಖರ್ಚಿಲ್ಲ. ಕಬಡ್ಡಿಗೋ ಹೈಜಂಪ್‌ಗೋ ಮ್ಯಾಟ್ ಇರುವ ಹತ್ತಿರದ ಶಾಲೆಯಿಂದ ಎರಡು ವಾರಕ್ಕೆ ಕೇಳಿ ತರಬಹುದು. ಕಬಡ್ಡಿ ಮ್ಯಾಟ್ ತೆಳು, ಅದು ನೆಲದ ಅಭ್ಯಾಸಕ್ಕೆ ಸಾಕು, ಎತ್ತರದಿಂದ ಬೀಳುವುದಕ್ಕೆ ಸಾಲದು. ಹೈಜಂಪ್‌ನ ದಪ್ಪ ಹಾಸಿಗೆ ಮೇಲೆ ನಿಂತು ಸ್ಟಂಟ್ ಮಾಡಿಸಬೇಡಿ, ಕಾಲು ಹೂತು ಹೊರಳುತ್ತದೆ. ಅದು ಸುತ್ತ ಹಾಸಲು ಒಳ್ಳೆಯದು. ಹೊಯಿಗೆ ತುಂಬಿದ ಲಾಂಗ್‌ಜಂಪ್ ಗುಂಡಿಗೂ ಇದೇ ಮಾತು.

ಒಪ್ಪಿಗೆ ಚೀಟಿ ಬಂದಾಗ ಪೋಷಕರು ಸಹಿ ಹಾಕುವ ಮೊದಲು ಒಂದು ಸಂಜೆ ಅಭ್ಯಾಸ ನೋಡಿ ಬರಬಹುದು. ಮಾಸ್ತರನ್ನು ಪರೀಕ್ಷಿಸುವ ಹಾಗೆ ಬೇಡ, ಸುಮ್ನೆ ಬದಿಯಲ್ಲಿ ನಿಂತರೆ ಸಾಕು. ನನ್ನ ಮಗು ಕೆಳಗಿನ ಸಾಲಿನ ನಡುವಿನಲ್ಲಿದೆಯೋ ಅಂಚಿನಲ್ಲೋ? ಹಿಂದೆ ಯಾರು ನಿಂತಿದ್ದಾರೆ? ಇಳಿಸುವುದು ಹೇಗೆ? ಇಷ್ಟು ಕಂಡರೆ ಉಳಿದ ಪ್ರಶ್ನೆ ತಾನಾಗಿ ಬರುತ್ತದೆ. ಬೇಡ ಅನ್ನಿಸಿದರೆ ಪಿರಮಿಡ್ ಬದಲು ಲೆಜಿಮೋ ಕೋಲಾಟವೋ ಸಾಕು ಎಂದು ಪಿಟಿಎ ಸಭೆಯಲ್ಲಿ ಹೇಳಬಹುದು. ಆದರೆ ಆ ಸಭೆ ಜೂನ್‌ನಲ್ಲೇ ಆಗಬೇಕು. ಆಗಸ್ಟ್ 14ರ ಸಂಜೆ ಹೇಳಿದರೆ ಯಾವ ಮಾಸ್ತರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ.